ಅಂತಿಯೋಕ್ಯದ ಎಂಟು ಪ್ರಸಂಗಗಳು

ಕ್ರೈಸ್ತ ಸಭೆಯೇ ನಿಜವಾದ ಇಸ್ರಾಯೇಲ್, ಯೆಹೂದ್ಯರ ಪಾಲು ಮುಗಿಯಿತು ಎಂಬ ಬೋಧನೆಯನ್ನು ಗೆದ್ದವರ ಜಂಬವೆಂದೇ ಓದುವುದು ರೂಢಿ. ರೋಮ್ ಸಾಮ್ರಾಜ್ಯ ಕ್ರೈಸ್ತವಾಯಿತು, ಸಭೆಗೆ ಬಲ ಬಂತು, ಬಲದ ಬೆನ್ನಿಗೇ ಹಳೆಯ ವಾರಸುದಾರನನ್ನು ಹೊರಗಟ್ಟುವ ಧೈರ್ಯವೂ ಬಂತು ಎನ್ನುವ ವಿವರಣೆ ಅದು. ನಾಲ್ಕನೆಯ ಶತಮಾನದ ಅಂತಿಯೋಕ್ಯದಲ್ಲಿ ಈ ಓದು ನಿಲ್ಲುವುದಿಲ್ಲ. ಅಲ್ಲಿ ಆ ಬೋಧನೆಯ ದನಿ ಅಷ್ಟು ಏರಿದ್ದು, ಸಭೆಯ ಜನರೇ ಅದಕ್ಕೆ ಕಿವಿಗೊಡದೆ ಇದ್ದುದರಿಂದ.

ಸಿರಿಯಾದ ಈ ನಗರಕ್ಕೂ ಈ ಪ್ರಶ್ನೆಗೂ ಹಳೆಯ ನಂಟು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದು ಇಲ್ಲಿ. ಅನ್ಯಜನರ ಪಂಕ್ತಿಯಿಂದ ಪೇತ್ರ ಹಿಂದೆ ಸರಿದಾಗ ಪೌಲ ಅವನನ್ನು ಎದುರೆದುರೇ ತರಾಟೆಗೆ ತೆಗೆದುಕೊಂಡದ್ದೂ ಇಲ್ಲಿಯೇ. ಮುನ್ನೂರು ವರ್ಷಗಳ ನಂತರ, 386ರಲ್ಲಿ, ಆಗಷ್ಟೇ ಪಾದ್ರಿಯಾಗಿದ್ದ ಯೋಹಾನ ಕ್ರಿಸೊಸ್ತೋಮ ಯೆಹೂದ್ಯರ ಹಬ್ಬಗಳು ಹತ್ತಿರವಾಗುತ್ತಿದ್ದಂತೆ ಪ್ರಸಂಗಕ್ಕೆ ನಿಂತ. ಮರುವರ್ಷದ ಹೊತ್ತಿಗೆ ಎಂಟು ಪ್ರಸಂಗಗಳಾದವು. ಅವುಗಳಲ್ಲಿ ತುಂಬಿರುವ ಬೈಗುಳ ಇಂದು ಓದಲು ಅಸಹ್ಯ. ಆದರೆ ಅದರ ನಡುನಡುವೆ ಆತ ಕೊಡುವ ದೂರುಗಳ ಪಟ್ಟಿ ಇತಿಹಾಸಕಾರನಿಗೆ ಬಂಗಾರ: ಸಭೆಯ ಹೆಂಗಸರು ಗಂಡಸರು ಕಹಳೆ ಕೇಳಲು ಯೆಹೂದ್ಯರ ಸಭಾಮಂದಿರಕ್ಕೆ ಹೋಗುತ್ತಾರೆ, ಯೆಹೂದ್ಯರೊಂದಿಗೆ ಉಪವಾಸ ಮಾಡುತ್ತಾರೆ, ಪರ್ಣಶಾಲೆಗಳ ಹಬ್ಬ ನೋಡುತ್ತಾರೆ, ಕಾಯಿಲೆಗೆ ತಾಯಿತ ಕಟ್ಟಿಸಿಕೊಳ್ಳುತ್ತಾರೆ, ನಗರದ ಹೊರವಲಯದ ದಾಫ್ನೆಯ ಪುಣ್ಯಸ್ಥಳದಲ್ಲಿ ಗುಣವಾಗಲೆಂದು ರಾತ್ರಿ ಮಲಗುತ್ತಾರೆ. ಒಬ್ಬ ಕ್ರೈಸ್ತನಂತೂ ವ್ಯವಹಾರದ ಆಣೆಗಾಗಿ ಒಬ್ಬ ಹೆಂಗಸನ್ನು ಸಭಾಮಂದಿರಕ್ಕೇ ಎಳೆದೊಯ್ಯುತ್ತಿದ್ದನಂತೆ. ಅಲ್ಲಿ ಮಾಡಿದ ಆಣೆಗೆ ಹೆಚ್ಚು ಭಯವಿದೆಯೆಂಬುದು ಅವನ ಸಮಜಾಯಿಷಿ. ಇದು ಒಂದೇ ಊರಿನ ಕಥೆಯೂ ಅಲ್ಲ. ಅದೇ ಶತಮಾನದ ಲವೊದಿಕೀಯ ಸಮ್ಮೇಳನ ಸಬ್ಬತ್ ದಿನ ಕೆಲಸ ಬಿಡಬಾರದು, ಯೆಹೂದ್ಯರಿಂದ ಹುಳಿಯಿಲ್ಲದ ರೊಟ್ಟಿ ಪಡೆಯಬಾರದು ಎಂದು ಕಟ್ಟಳೆ ಮಾಡಿತು. ಯಾರೂ ಮಾಡದಿರುವುದನ್ನು ಯಾರೂ ನಿಷೇಧಿಸುವುದಿಲ್ಲವಷ್ಟೆ.

ಹಾಗಿದ್ದರೆ ಆ ಪ್ರಸಂಗಗಳ ಬೈಗುಳ ಯೆಹೂದ್ಯರ ಮೇಲಲ್ಲ, ದಾರಿ ತಪ್ಪಿದ ಕ್ರೈಸ್ತರ ಮೇಲೆ. ನಿಂದೆಯನ್ನು ಉಬ್ಬಿಸಿ ಹೇಳುವುದು ಆ ಕಾಲದ ಭಾಷಣಕಲೆಯ ಪಾಠವೇ ಆಗಿತ್ತು ಎಂದು ಕೆಲವು ವಿದ್ವಾಂಸರು ಸಮರ್ಥಿಸುತ್ತಾರೆ. ಅರ್ಧ ಸರಿ. ಗುರಿ ಕ್ರೈಸ್ತರೇ ಆಗಿರಬಹುದು, ಆದರೆ ಕಲ್ಲು ಬಿದ್ದದ್ದು ಪಕ್ಕದ ಮನೆಯ ಮೇಲೆ. ಮುಂದಿನ ಶತಮಾನಗಳ ಓದುಗರಿಗೆ ಅಂತಿಯೋಕ್ಯದ ಆ ಸಲಿಗೆ ಕಾಣಲಿಲ್ಲ, ಬೈಗುಳ ಮಾತ್ರ ಉಳಿಯಿತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಸಭೆಯೇ ನಿಜವಾದ ಇಸ್ರಾಯೇಲ್ ಎಂಬ ವಾದವನ್ನು ಸುಮಾರು 160ರಲ್ಲೇ, ಕ್ರೈಸ್ತರಿಗೆ ಯಾವ ಅಧಿಕಾರವೂ ಇಲ್ಲದಾಗ, ಹುತಾತ್ಮ ಜಸ್ಟಿನ್ ಮುಂದಿಟ್ಟಿದ್ದ. 70ರಲ್ಲಿ ಯೆಹೂದ್ಯರ ದೇವಾಲಯ ನಾಶವಾದದ್ದೇ ಇಂಥ ವಾದಕ್ಕೆ ದೊಡ್ಡ ಸಾಕ್ಷಿಯಾಗಿತ್ತು. ಆದ್ದರಿಂದ ಇದು ನೆರೆಹೊರೆಯ ಆತಂಕದಿಂದ ಹುಟ್ಟಿದ್ದಲ್ಲ. ನಿಜ, ವಿಚಾರ ಹಳೆಯದು. ನನ್ನ ವಾದ ಅದರ ಹುಟ್ಟಿನ ಬಗ್ಗೆ ಅಲ್ಲ, ಅದು ತಳೆದ ಉಗ್ರತೆಯ ಬಗ್ಗೆ. ಕ್ರಿಸೊಸ್ತೋಮ ದೇವಾಲಯ ಮತ್ತೆಂದೂ ಏಳುವುದಿಲ್ಲವೆಂದು ಪುಟಗಟ್ಟಲೆ ಸಾಧಿಸುತ್ತಾನೆ. ಮುಗಿದ ವಿಷಯಕ್ಕೆ ಇಷ್ಟು ಶ್ರಮವೇಕೆ? 363ರಲ್ಲಿ ಜೂಲಿಯನ್ ಚಕ್ರವರ್ತಿ, ಅಂತಿಯೋಕ್ಯದಲ್ಲಿ ಬೀಡುಬಿಟ್ಟಿದ್ದಾಗ, ಅದನ್ನು ಮತ್ತೆ ಕಟ್ಟಿಸಲು ಹೊರಟಿದ್ದ. ಬೆಂಕಿಯಿಂದ ಕೆಲಸ ನಿಂತಿತು, ಚಕ್ರವರ್ತಿ ಪರ್ಷಿಯಾದ ಯುದ್ಧದಲ್ಲಿ ಸತ್ತ. ಗೋಡೆ ಎದ್ದಿದ್ದರೆ ಸಭೆಯ ದೊಡ್ಡ ಪುರಾವೆಯೇ ಕುಸಿಯುತ್ತಿತ್ತು ಎಂಬ ಅಳುಕು ಇಪ್ಪತ್ತಮೂರು ವರ್ಷಗಳಲ್ಲಿ ಅಳಿಸಿಹೋಗುವಂಥದ್ದಲ್ಲ.

ಸೋಜಿಗವೆಂದರೆ ಬೇರೊಂದು ದಾರಿ ಕ್ರಿಸೊಸ್ತೋಮನ ಕೈಯಲ್ಲೇ ಇತ್ತು. ರೋಮಾಪುರದವರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಪೌಲ ಅನ್ಯಜನರನ್ನು ಓಲಿವ್ ಮರಕ್ಕೆ ಕಸಿ ಮಾಡಿದ ಕಾಡುಕೊಂಬೆಯೆಂದು ಕರೆದು, ಬೇರಿನ ಮುಂದೆ ಕೊಂಬೆ ಹೆಚ್ಚಳಪಡಬಾರದೆಂದು ಎಚ್ಚರಿಸುತ್ತಾನೆ. ಆ ಪತ್ರದ ಮೇಲೆ ಕ್ರಿಸೊಸ್ತೋಮ 32 ಪ್ರಸಂಗ ಮಾಡಿದ್ದಾನೆ. ಪೌಲನೆಂದರೆ ಅವನಿಗೆ ಪ್ರಾಣ. ಆ ಎಚ್ಚರಿಕೆಯನ್ನು ಕ್ಯಾಥೊಲಿಕ್ ಸಭೆ ತನ್ನ ಅಧಿಕೃತ ಮಾತಿಗೆ ತಂದದ್ದು ಯುರೋಪಿನ ಯೆಹೂದ್ಯರ ಹತ್ಯಾಕಾಂಡದ ನಂತರ, 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ: ಪರವಾಗಿ 2,221 ಮತ, ವಿರುದ್ಧ 88. ಯೆಹೂದ್ಯರನ್ನು ದೇವರು ತಿರಸ್ಕರಿಸಿದನೆಂದು ಬೋಧಿಸಕೂಡದು ಎನ್ನುವ ಆ ಪಠ್ಯ, ಸಭೆಯೇ ದೇವರ ಹೊಸ ಜನ ಎಂದೂ ಅದೇ ಉಸಿರಿನಲ್ಲಿ ಹೇಳುತ್ತದೆ. ಎರಡೂ ಒಟ್ಟಿಗೆ ಹೇಗೆ ನಿಂತಾವು ಎಂಬುದಕ್ಕೆ 2015ರ ವ್ಯಾಟಿಕನ್ ದಸ್ತಾವೇಜು ಕೂಡ ಕೊನೆಗೆ ದೇವರ ರಹಸ್ಯವನ್ನೇ ಮೊರೆಹೋಯಿತು.