ನಿಯಂತ್ರಕ ವೋಲ್ಟೇಜು ಮತ್ತು ಇತಿಹಾಸದ ಆಧಾರ

ವಿದ್ಯುನ್ಮಾನ ಸಂಗೀತದ ಇತಿಹಾಸಕ್ಕೆ ಧ್ವನಿಸುರುಳಿಯೊಂದೇ ಸಾಕಾದ ಆಧಾರವೇ ಎಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ರೂಪಿಸಿದ ಸಿಂಥಸೈಸರಿನಲ್ಲಿ ಸ್ವರವನ್ನು ಆಳುವುದು ವೋಲ್ಟೇಜು. ಅದು ಒಂದು ವೋಲ್ಟು ಏರಿದರೆ ಸ್ವರವು ಒಂದು ಸ್ಥಾಯಿ ಮೇಲೇರುವುದು. ಈ ವೋಲ್ಟೇಜಿಗೆ ಮತ್ತೊಂದನ್ನು ಕೂಡಿಸಿದರೆ ಇಡೀ ಮಟ್ಟು ಬೇರೆ ಶ್ರುತಿಗೆ ಸರಿಯುವುದು. ಅದನ್ನು ತಗ್ಗಿಸಿದರೆ ಸ್ವರಾಂತರಗಳು ಕುಗ್ಗುವುವು. ಅದರ ಏರಿಳಿತವನ್ನು ನಿಧಾನಗೊಳಿಸಿದರೆ ಜಾರು ಹುಟ್ಟುವುದು. ಈ ಸಂಸ್ಕಾರಗಳೆಲ್ಲ ತಂತಿಗಳ ಜೋಡಣೆಯಲ್ಲಿಯೂ ಗುಂಡಿಗಳ ತಿರುವಿನಲ್ಲಿಯೂ ಅಡಗಿವೆ. ತಂತಿಗಳನ್ನು ಕಿತ್ತೊಡನೆ ಅವು ಅಳಿಯುತ್ತವೆ.

1969ರಲ್ಲಿ ಡೇವಿಡ್ ಟ್ಯೂಡರ್ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಇಂಥ ಯಂತ್ರವನ್ನು ಅಣಿಗೊಳಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ನಡೆಸಿದ ಪ್ರಯೋಗಗಳ ಸುರುಳಿಗಳು ಉಳಿದುಬಂದಿವೆ.

ಇವನ್ನು ನಮ್ಮ ಶಾಸನಗಳೊಡನೆ ಹೋಲಿಸಬಹುದು. ಅರಕೇರಾ ಸೇರಿರುವ ರಾಯಚೂರು ಜಿಲ್ಲೆಯಲ್ಲಿಯೇ ಇರುವ ಮಸ್ಕಿಯಲ್ಲಿ, 1915ರಲ್ಲಿ ಬೆಳಕಿಗೆ ಬಂದ ಬಂಡೆಯ ಮೇಲೆ ಅಶೋಕನ ಆದೇಶ ಉಳಿದಿದೆ; ಅದನ್ನು ಓದಿ ಸಾರಿದ ಧ್ವನಿ ಉಳಿದಿಲ್ಲ. ಸುರುಳಿಯಲ್ಲಾದರೋ ಧ್ವನಿ ಉಳಿದಿದೆ. ಅದನ್ನು ನಡೆಸಿದ ಆದೇಶ, ಎಂದರೆ ವೋಲ್ಟೇಜು, ಅಳಿದಿದೆ. ಆದುದರಿಂದ ಇಂಥ ಸಂಗೀತದ ಸುರುಳಿಗಳೊಡನೆ ತಂತಿಜೋಡಣೆಯ ನಕ್ಷೆ ಟಿಪ್ಪಣಿಗಳನ್ನೂ ಸಂರಕ್ಷಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.