ಬೈಕಿನ ಬಿಡಿಭಾಗ ಮುರಿದರೆ ಹೊಣೆ ಯಾರದು?

ಗೌರಿಬಿದನೂರು: ಬೈಕಿನ ಬ್ರೇಕ್ ಭಾಗ ಮುರಿದಾಗ ಸರ್ವಿಸ್ ಸೆಂಟರ್‌ನವರು ಹೊಸದನ್ನು ಉಚಿತವಾಗಿ ಹಾಕಿಕೊಡಬಹುದು. ಆದರೆ ವಾರಂಟಿಯಲ್ಲಿ ಬದಲಿಸಿದ ಹಳೆಯ ಭಾಗ ಕಂಪನಿಯ ಸ್ವತ್ತೆಂಬ ಷರತ್ತು ಸಾಮಾನ್ಯ. ಅದು ಕೈತಪ್ಪಿದರೆ ದೋಷ ತಯಾರಿಕೆಯದೇ ಎಂದು ಸಾಬೀತುಪಡಿಸುವುದು ಕಷ್ಟ. ಆದ್ದರಿಂದ ದುರಸ್ತಿಗೆ ಒಪ್ಪುವ ಮೊದಲೇ ಛಾಯಾಚಿತ್ರ ತೆಗೆದು, ಜಾಬ್ ಕಾರ್ಡ್‌ನಲ್ಲಿ ದೋಷ ಬರೆಸಿ, ಡೀಲರ್ ಹಾಗೂ ಕಂಪನಿಗೆ ಲಿಖಿತ ದೂರು ನೀಡುವುದು ಒಳಿತು.

ದೊಡ್ಡ ಕಂಪನಿಗಳೂ ಇದಕ್ಕೆ ಹೊರತಲ್ಲ. 2021ರ ಡಿಸೆಂಬರ್‌ನಲ್ಲಿ ರಾಯಲ್ ಎನ್‌ಫೀಲ್ಡ್ 26,300 ಕ್ಲಾಸಿಕ್ 350 ಬೈಕ್‌ಗಳನ್ನು ವಾಪಸ್ ಕರೆಸಿಕೊಂಡಿತ್ತು. ಹಿಂಬದಿ ಬ್ರೇಕನ್ನು ವಿಪರೀತ ಬಲದಿಂದ ಒತ್ತಿದರೆ ಅದರ ಬ್ರ್ಯಾಕೆಟ್ ಹಾನಿಗೀಡಾಗುವ ಸಂಭವ ಪರೀಕ್ಷೆಯಲ್ಲಿ ಕಂಡುಬಂದಿತ್ತು. ಅದೇ ವರ್ಷದ ಏಪ್ರಿಲ್ 1ರಿಂದ ಇಂತಹ ವಾಪಸಾತಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೂ ದೊರೆತಿದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ-2019ರಂತೆ ತಯಾರಿಕೆ ಅಥವಾ ವಿನ್ಯಾಸದ ದೋಷದಿಂದ ಗಾಯವಾದರೆ ತಯಾರಕರಿಂದ ಪರಿಹಾರ ಕೇಳಬಹುದು. ಬೈಕ್ ಬೆಂಗಳೂರಿನಲ್ಲಿ ಕೊಂಡಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯ ಆಯೋಗವೇ, ಅಂದರೆ ಇಲ್ಲಿನವರಿಗೆ ಚಿಕ್ಕಬಳ್ಳಾಪುರದ ಆಯೋಗವೇ, ಸಾಕು. ಅಗತ್ಯವೆನಿಸಿದರೆ ಆಯೋಗವು ಮುರಿದ ಭಾಗವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ವಾಹನಕ್ಕೆ ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.