ನಾಯಿ, ಬೆಕ್ಕು ಮೈ ಕೆರೆದುಕೊಳ್ತಿದೆಯಾ? ಔಷಧಿ ತರುವ ಮುಂಚೆ ಎಲ್ಲಿ ಕೆರೀತಿದೆ ಅಂತ ನೋಡಿ

ಬನಶಂಕರಿ: ಮಳೆಗಾಲ ಬಂತೆಂದರೆ ಕತ್ರಿಗುಪ್ಪೆ, ಇಟ್ಟಮಡು, ಕದಿರೇನಹಳ್ಳಿ, ಪದ್ಮನಾಭನಗರ ಕಡೆ ಮೈ ಕೆರೆದುಕೊಳ್ಳುತ್ತಾ ಕೂತ ನಾಯಿಗಳು ಜಾಸ್ತಿ ಕಾಣುತ್ತವೆ. ಮನೆಯೊಳಗಿನ ನಾಯಿ, ಬೆಕ್ಕುಗಳೂ ಇದರಿಂದ ಹೊರತಲ್ಲ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಮೆಡಿಕಲ್ ಶಾಪಿಗೋ ಪೆಟ್ ಶಾಪಿಗೋ ಹೋಗಿ 'ನಾಯಿ ಕೆರ್ಕೊಳ್ತಿದೆ, ಏನಾದ್ರೂ ಕೊಡಿ' ಅಂತ ಕೇಳುವುದು. ಒಂದು ಪೌಡರ್, ಒಂದು ಸೋಪು, ಇಲ್ಲವೇ ಮನುಷ್ಯರು ಹಚ್ಚುವ ಒಂದು ಟ್ಯೂಬು ಕೈಗೆ ಬರುತ್ತದೆ. ನಾಲ್ಕು ದಿನ ಕಡಿಮೆಯಾದಂತೆ ಕಂಡು ಮತ್ತೆ ಶುರುವಾಗುತ್ತದೆ.

ಕಾರಣ ಇಷ್ಟೇ: ಕೆರೆತ ಅನ್ನುವುದು ಕಾಯಿಲೆಯಲ್ಲ, ಕಾಯಿಲೆಯ ಗುರುತು. ಹತ್ತಾರು ಕಾರಣಕ್ಕೆ ಕೆರೆತ ಬರಬಹುದು. ಒಂದಕ್ಕೆ ಕೊಡುವ ಔಷಧಿ ಇನ್ನೊಂದನ್ನು ಕೆಡಿಸಬಹುದು, ಕೆಲವು ಸಲ ಪ್ರಾಣಕ್ಕೇ ಕುತ್ತು ತರಬಹುದು. ಎಲ್ಲಿ ಕೆರೆಯುತ್ತಿದೆ, ಹೇಗೆ ಕೆರೆಯುತ್ತಿದೆ ಅಂತ ಐದು ನಿಮಿಷ ಗಮನಿಸಿದರೆ ಅರ್ಧ ದಾರಿ ಸವೆದಂತೆ.

ಕಜ್ಜಿ ನುಸಿ: ಕೆರೆತ ತಡೆಯೋಕಾಗಲ್ಲ

ನಾವು 'ಕಜ್ಜಿ ನಾಯಿ' ಅನ್ನುವುದು ಹೆಚ್ಚಾಗಿ ಸಾರ್ಕೋಪ್ಟಿಸ್ ಅನ್ನುವ ನುಸಿ ಹತ್ತಿದ ನಾಯಿಯನ್ನು. ಇದು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು, ಬರಿಗಣ್ಣಿಗೆ ಸಿಗುವುದಿಲ್ಲ. ಹೆಣ್ಣು ನುಸಿ ಚರ್ಮದ ಮೇಲ್ಪದರದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಮೊಟ್ಟೆ ಬೆಳೆದು ದೊಡ್ಡ ನುಸಿಯಾಗಲು ಸುಮಾರು ಎರಡರಿಂದ ಮೂರು ವಾರ ಬೇಕು. ಅದಕ್ಕೇ ಒಂದು ಸಲ ಔಷಧಿ ಹಾಕಿ ಬಿಟ್ಟರೆ ಸಾಲದು, ಡಾಕ್ಟರ್ ಹೇಳಿದಷ್ಟು ಸಲ ಹಾಕಲೇಬೇಕು.

ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿ ಗಂಟು, ಹೊಟ್ಟೆ, ಎದೆಯ ಕೆಳಭಾಗ, ಇಲ್ಲೇ ಇದು ಶುರುವಾಗುವುದು. ಕೂದಲು ಉದುರಿ ಹಳದಿ ಹೊಪ್ಪಳೆ ಕಟ್ಟುತ್ತದೆ. ಊಟ, ನಿದ್ದೆ ಬಿಟ್ಟು ನಾಯಿ ಕೆರೆಯುತ್ತಲೇ ಇರುತ್ತದೆ. ಕಿವಿಯ ಅಂಚನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿದರೆ ಹಿಂಗಾಲು ತಾನಾಗೇ ಕೆರೆಯುವಂತೆ ಆಡುತ್ತದೆ. ಇದು ಪಶುವೈದ್ಯರೂ ನೋಡುವ ಗುರುತು. ನೀವು ನೋಡುವುದಾದರೆ ಗ್ಲೌಸ್ ಹಾಕಿಕೊಳ್ಳಿ.

ಈ ನುಸಿ ಒಂದು ನಾಯಿಯಿಂದ ಇನ್ನೊಂದಕ್ಕೆ ಬಹಳ ಬೇಗ ಹರಡುತ್ತದೆ. ಮನೆಯಲ್ಲಿ ಎರಡು ನಾಯಿ ಇದ್ದರೆ ಒಂದಕ್ಕೆ ಮಾತ್ರ ಔಷಧಿ ಕೊಟ್ಟು ಪ್ರಯೋಜನವಿಲ್ಲ.

ಡೆಮೊಡೆಕ್ಸ್: ಕೂದಲು ಉದುರುತ್ತೆ, ಹೆಚ್ಚು ಕೆರೆಯಲ್ಲ

ಇನ್ನೊಂದು ನುಸಿ ಕೂದಲಿನ ಬುಡದಲ್ಲಿ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದನೆಯ ಚುಟ್ಟಾದ ಹಾಗೆ ಕಾಣುತ್ತದೆ. ಇದು ಆರೋಗ್ಯವಂತ ನಾಯಿಯಲ್ಲೂ ಒಂದಿಷ್ಟು ಇದ್ದೇ ಇರುತ್ತದೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಹಾಲು ಕುಡಿಯುವಾಗ ತಾಯಿಯಿಂದ ಮರಿಗೆ ಬರುತ್ತದೆ. ರೋಗ ನಿರೋಧಕ ಶಕ್ತಿ ಕುಗ್ಗಿದಾಗ ಮಾತ್ರ ಮಿತಿಮೀರಿ ಬೆಳೆಯುತ್ತದೆ.

ಒಂದು ವರ್ಷದೊಳಗಿನ ಮರಿಯ ಕಣ್ಣಿನ ಸುತ್ತ, ಬಾಯಿಯ ಪಕ್ಕ, ಮುಂಗಾಲಿನಲ್ಲಿ ಒಂದೆರಡು ಕಡೆ ಬೋಳಾಗಿದ್ದರೆ ಬಹುಪಾಲು ತಾನಾಗೇ ವಾಸಿಯಾಗುತ್ತದೆ. ಮೈಯೆಲ್ಲಾ ಹರಡಿ ಕೀವು ತುಂಬಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ವಯಸ್ಸಾದ ನಾಯಿಗೆ ಹೊಸದಾಗಿ ಬಂದರೆ ಒಳಗೆ ಬೇರೆ ಕಾಯಿಲೆ ಇದೆಯಾ ಅಂತ ನೋಡಿಸಬೇಕು. ಈ ನುಸಿ ಮನುಷ್ಯರಿಗೆ ಅಂಟುವುದಿಲ್ಲ. ಮೈಯೆಲ್ಲಾ ಡೆಮೊಡೆಕ್ಸ್ ಬಂದ ನಾಯಿಯಿಂದ ಮರಿ ಹಾಕಿಸಬೇಡಿ, ಈ ಗುಣ ವಂಶದಲ್ಲಿ ಇಳಿಯುತ್ತದೆ.

ಕಿವಿ ನುಸಿ, ಬೆಕ್ಕಿನ ತಲೆ ಕಜ್ಜಿ

ಬೆಕ್ಕು ತಲೆ ಒದರುತ್ತಾ ಕಿವಿ ಕೆರೆಯುತ್ತಿದ್ದರೆ ಕಿವಿಯೊಳಗೆ ನೋಡಿ. ಕಾಫಿ ಪುಡಿಯಂಥ ಕಪ್ಪು ಗಸಿ ಇದ್ದರೆ ಅದು ಕಿವಿ ನುಸಿ ಇರಬಹುದು. ಮರಿ ಬೆಕ್ಕುಗಳಲ್ಲಿ ಜಾಸ್ತಿ, ನಾಯಿಗೂ ಹರಡುತ್ತದೆ. ಬಡ್ಸ್ ಹಾಕಿ ಒಳಗೆ ತಿರುವಬೇಡಿ, ಗಸಿ ಇನ್ನೂ ಒಳಕ್ಕೆ ಹೋಗುತ್ತದೆ, ಕಿವಿ ತಮಟೆಗೂ ಪೆಟ್ಟಾಗಬಹುದು.

ಬೆಕ್ಕಿನ ಕಿವಿಯ ಅಂಚಿನಿಂದ ಶುರುವಾಗಿ ಹಣೆ, ಮುಖ, ಕುತ್ತಿಗೆಗೆ ಬೂದು ಬಣ್ಣದ ದಪ್ಪ ಹೊಪ್ಪಳೆ ಹಬ್ಬುತ್ತಿದ್ದರೆ ಅದು ನೋಟೊಎಡ್ರಿಸ್ ಅನ್ನುವ ಬೇರೆ ನುಸಿಯ ಕೆಲಸ. ಬೇಗ ತೋರಿಸಿದರೆ ಚೆನ್ನಾಗಿ ವಾಸಿಯಾಗುತ್ತದೆ. ಬಿಟ್ಟರೆ ಬೆಕ್ಕು ಊಟ ಬಿಟ್ಟು ಸೊರಗಿ ಸಾಯಲೂಬಹುದು.

ಚಿಗಟ ಮತ್ತು ಉಣ್ಣೆ

ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಪರೀಕ್ಷೆ ಸುಲಭ. ಬಿಳಿ ಟಿಶ್ಯೂ ಮೇಲೆ ನಾಯಿಯ ಕೂದಲು ಬಾಚಿ. ಬಿದ್ದ ಕಪ್ಪು ಪುಡಿಗೆ ನೀರು ಹಾಕಿ. ಕೆಂಪುಕಂದು ಬಣ್ಣ ಬಿಟ್ಟರೆ ಅದು ರಕ್ತ ಕುಡಿದ ಚಿಗಟದ ಹಿಕ್ಕೆ. ಬರೀ ಮಣ್ಣಾದರೆ ಕೆಂಪಾಗುವುದಿಲ್ಲ.

ಚಿಗಟದ ವಿಷಯದಲ್ಲಿ ಬಹಳ ಜನ ಮರೆಯುವುದೇನೆಂದರೆ, ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ ಮಾತ್ರ. ಮೊಟ್ಟೆ, ಮರಿಹುಳು, ಗೂಡುಕಟ್ಟಿದ ಹುಳ ಎಲ್ಲಾ ಸೋಫಾ ಸಂದಿ, ಕಾರ್ಪೆಟ್, ಗೋಣಿಚೀಲದಲ್ಲಿ ಇರುತ್ತವೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಷ್ಟು ಮೊಟ್ಟೆ ಇಡಬಲ್ಲದು. ನಾಯಿಗೆ ಔಷಧಿ ಹಾಕಿ ಹಾಸಿಗೆ ಬಿಟ್ಟರೆ ಎರಡು ವಾರಕ್ಕೆ ಅದೇ ಕಥೆ. ನಾಯಿ ಚಿಗಟವನ್ನು ಕಚ್ಚಿ ನುಂಗಿದರೆ ಲಾಡಿಹುಳವೂ ಬರುತ್ತದೆ, ಜಂತುಹುಳುವಿನ ಮಾತ್ರೆಯ ಬಗ್ಗೆಯೂ ಕೇಳಿ.

ಉಣ್ಣೆ ಹೆಚ್ಚಾಗಿ ಸಿಗುವುದು ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ. ಕಂದು ನಾಯಿ ಉಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ತುರಹಳ್ಳಿ ಕಾಡು ಕಡೆಯೋ, ಪಾರ್ಕಿನ ಹುಲ್ಲಲ್ಲೋ ವಾಕಿಂಗ್ ಮಾಡಿಸಿ ಬಂದ ಮೇಲೆ ಒಮ್ಮೆ ಮೈ ತಡವಿ ನೋಡಿ. ಉಣ್ಣೆ ಕಚ್ಚಿದ ನಾಯಿಗೆ ಜ್ವರ, ಊಟ ಬೇಡ ಅನ್ನುವುದು, ಒಸಡು ಬಿಳಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಅದು ಉಣ್ಣೆ ಜ್ವರ ಇರಬಹುದು, ತಡ ಮಾಡುವ ಹಾಗಿಲ್ಲ.

ಹುಳುಕಡ್ಡಿ, ಯೀಸ್ಟ್, ಅಲರ್ಜಿ

ದುಂಡಗೆ ಬೋಳಾಗಿ ಅಂಚಿನಲ್ಲಿ ಹೊಟ್ಟು ಇದ್ದರೆ ಹುಳುಕಡ್ಡಿ ಇರಬಹುದು. ಹೆಸರಲ್ಲಿ ಹುಳು ಇದ್ದರೂ ಇದು ಹುಳುವಲ್ಲ, ಶಿಲೀಂಧ್ರ. ಬೆಕ್ಕಿನಿಂದ ಮಕ್ಕಳಿಗೆ ಸಲೀಸಾಗಿ ಅಂಟುತ್ತದೆ. ಉದುರಿದ ಕೂದಲಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ ಮನೆ ಗುಡಿಸಿ ಒರೆಸುವುದೂ ಚಿಕಿತ್ಸೆಯ ಭಾಗವೇ.

ಕಿವಿ, ಕಂಕುಳು, ಬೆರಳ ಸಂದಿಯಲ್ಲಿ ಜಿಡ್ಡು ಮತ್ತು ಕಮಟು ವಾಸನೆ ಇದ್ದರೆ ಯೀಸ್ಟ್. ಮಳೆಗಾಲದಲ್ಲಿ ಒದ್ದೆ ಮೈ ಒಣಗಿಸದೆ ಬಿಟ್ಟ ನಾಯಿಗಳಲ್ಲಿ, ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ನಂಥ ಜೋಲುಗಿವಿಯ ನಾಯಿಗಳಲ್ಲಿ ಇದು ಹೆಚ್ಚು.

ಯಾವ ಹುಳವೂ ಇಲ್ಲ, ಆದರೂ ಕಾಲು ನೆಕ್ಕುತ್ತೆ, ಮುಖ ಉಜ್ಜುತ್ತೆ, ಪದೇ ಪದೇ ಕಿವಿ ಸೋಂಕು ಬರುತ್ತೆ ಅಂದರೆ ಅಲರ್ಜಿ ಇರಬಹುದು. ಧೂಳು, ಪರಾಗ, ಆಹಾರ ಯಾವುದರಿಂದಲೂ ಬರಬಹುದು. ಆಹಾರದ ಅಲರ್ಜಿ ಪತ್ತೆಗೆ ಡಾಕ್ಟರ್ ಹೇಳಿದ ಒಂದೇ ಬಗೆಯ ಊಟವನ್ನು ಸುಮಾರು ಎಂಟು ವಾರ ಕೊಟ್ಟು ನೋಡಬೇಕು. ಆ ಎಂಟು ವಾರ ಯಾರೂ ಪ್ರೀತಿಯಿಂದ ಬಿಸ್ಕತ್ತು ಹಾಕುವ ಹಾಗಿಲ್ಲ. ಅಜ್ಜ, ಅಜ್ಜಿಗೂ ಹೇಳಿಡಿ!

ಅಂದ ಹಾಗೆ, ಸಿಹಿ ತಿಂದರೆ ಕಜ್ಜಿ ಬರುತ್ತೆ ಅನ್ನುವ ಮಾತಿದೆ. ಸಿಹಿಯಿಂದ ನುಸಿ ಹುಟ್ಟುವುದಿಲ್ಲ. ಬರೀ ಬಿಸ್ಕತ್ತಿನ ಮೇಲೆ ಬದುಕುವ ನಾಯಿ ಸೊರಗುತ್ತದೆ, ಸೊರಗಿದ ಮೈಯಲ್ಲಿ ನುಸಿ ಜೋರಾಗುತ್ತದೆ, ಅಷ್ಟೇ.

ಗೊತ್ತಾಗುವುದು ಹೇಗೆ?

ಡಾಕ್ಟರ್ ಬ್ಲೇಡಿನಿಂದ ಚರ್ಮವನ್ನು ಸ್ವಲ್ಪ ಕೆರೆದು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ, ಸೂಕ್ಷ್ಮದರ್ಶಕ ಇರುವ ಏರಿಯಾದ ಕ್ಲಿನಿಕ್ಕಿನಲ್ಲೇ ಆಗುತ್ತದೆ. ಡೆಮೊಡೆಕ್ಸ್ ಇದ್ದರೆ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಕಜ್ಜಿ ನುಸಿ ಮಾತ್ರ ಎಷ್ಟೋ ಸಲ ಸಿಗುವುದೇ ಇಲ್ಲ. ಹಾಗಾಗಿ 'ನುಸಿ ಸಿಗಲಿಲ್ಲ, ಆದರೂ ಕಜ್ಜಿಗೆ ಔಷಧಿ ಕೊಡ್ತೀನಿ' ಅಂತ ಡಾಕ್ಟರ್ ಹೇಳಿದರೆ ಅನುಮಾನ ಪಡಬೇಡಿ, ಅದೂ ಸರಿಯಾದ ಕ್ರಮವೇ. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ನಮ್ಮ ಕಡೆಯಿಂದ ದೂರ, ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು.

ಇವನ್ನು ಮಾಡಲೇಬೇಡಿ

ಸುಟ್ಟ ಇಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಹಚ್ಚಬೇಡಿ. ಗ್ಯಾರೇಜ್ ಮುಂದಿನ ನಾಯಿಗಳಿಗೆ ಆಯಿಲ್ ಬಳಿಯುವುದು ಹಳೇ ಅಭ್ಯಾಸ. ಚರ್ಮ ಸುಡುತ್ತದೆ, ನಾಯಿ ಅದನ್ನು ನೆಕ್ಕಿ ವಿಷ ಒಳಗೆ ಹೋಗುತ್ತದೆ.

ಮನುಷ್ಯರ ಸ್ಟೀರಾಯ್ಡ್ ಕ್ರೀಮ್ ಹಚ್ಚಬೇಡಿ. ಕೆರೆತ ನಿಂತಂತೆ ಕಾಣುತ್ತದೆ, ಆದರೆ ಚರ್ಮದ ಪ್ರತಿರೋಧ ಕುಗ್ಗಿ ನುಸಿ, ಹುಳುಕಡ್ಡಿ ಎರಡೂ ಹೆಚ್ಚುತ್ತವೆ. ನಾಲ್ಕು ದಿನ ಕಡಿಮೆಯಾಗಿ ಮತ್ತೆ ಜೋರಾಗುವುದರ ಗುಟ್ಟು ಎಷ್ಟೋ ಸಲ ಇದೇ.

ನಾಯಿಗೆ ಹಾಕುವ ಪರ್ಮೆಥ್ರಿನ್ ಡ್ರಾಪ್ಸ್ ಬೆಕ್ಕಿಗೆ ಹಾಕಬೇಡಿ. ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಸಾವೂ ಆಗಬಹುದು. ಹಾಕಿದ ನಾಯಿಯ ಪಕ್ಕ ಬೆಕ್ಕು ಮಲಗುವುದೂ ಬೇಡ. ಅಮಿಟ್ರಾಜ್ ಕೂಡ ಬೆಕ್ಕಿಗೆ ಕೊಡುವ ಔಷಧಿಯಲ್ಲ.

ದನಕ್ಕೆ ಕೊಡುವ ಐವರ್ಮೆಕ್ಟಿನ್ ಇಂಜೆಕ್ಷನ್ ಅಂದಾಜಿನ ಮೇಲೆ ಕೊಡಬೇಡಿ. ಅದು ದನದ ತೂಕಕ್ಕೆ ತಯಾರಾದದ್ದು, ಸಣ್ಣ ನಾಯಿಗೆ ಒಂದು ಗೆರೆ ಜಾಸ್ತಿಯಾದರೂ ಪ್ರಮಾಣ ಹಲವು ಪಟ್ಟು ಏರುತ್ತದೆ. ಕೋಲಿ ಜಾತಿಯ ಹಲವು ನಾಯಿಗಳಲ್ಲಿ ಒಂದು ಜೀನ್ ದೋಷವಿದ್ದು, ಈ ಔಷಧಿ ಮಿದುಳಿಗೇ ನುಗ್ಗುತ್ತದೆ. ತೂರಾಡುವುದು, ಜೊಲ್ಲು, ಕಣ್ಣು ಕಾಣದಂತಾಗುವುದು ಶುರುವಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಈಗ ಚಿಗಟ, ಉಣ್ಣೆ, ನುಸಿ ಮೂರಕ್ಕೂ ಕೆಲಸ ಮಾಡುವ ಫ್ಲೂರಾಲನರ್, ಅಫಾಕ್ಸೋಲನರ್‌ನಂಥ ಮಾತ್ರೆಗಳು ಸಿಗುತ್ತವೆ. ತೂಕ ನೋಡಿ ಕೊಡಬೇಕು. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ನಮಗೂ ಅಂಟುತ್ತಾ?

ನಾಯಿಯ ಕಜ್ಜಿ ನುಸಿ ಮನುಷ್ಯರ ಮೈಗೆ ಬರಬಹುದು. ಎತ್ತಿಕೊಂಡ ಕಡೆ, ಅಂದರೆ ಕೈ, ಹೊಟ್ಟೆ, ಎದೆ ಮೇಲೆ ಕೆಂಪು ಗುಳ್ಳೆ ಏಳುತ್ತವೆ. ಆದರೆ ಅದು ನಮ್ಮ ಮೈಯಲ್ಲಿ ಸಂಸಾರ ಹೂಡಲಾರದು. ನಾಯಿಗೆ ಚಿಕಿತ್ಸೆಯಾದರೆ ಕೆಲವು ವಾರಗಳಲ್ಲಿ ನಮ್ಮದೂ ಹೋಗುತ್ತದೆ.

ಬೆರಳ ಸಂದಿಯಲ್ಲಿ ಕೆರೆತ, ರಾತ್ರಿ ಜೋರು, ಮನೆ ಮಂದಿಗೆಲ್ಲಾ ಇದೆ ಅಂದರೆ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಜ್ಜಿ ಇರಬಹುದು. ನಾಯಿಯನ್ನು ದೂರುವ ಬದಲು ಚರ್ಮದ ಡಾಕ್ಟರಿಗೆ ತೋರಿಸಿ.

ಅಂಗಡಿ ಮುಂದೆ ಮಲಗುವ ನಾಯಿ

2023ರಲ್ಲಿ ಬಿಬಿಎಂಪಿ ಮಾಡಿಸಿದ ಎಣಿಕೆಯಂತೆ ನಗರದಲ್ಲಿದ್ದ ಬೀದಿ ನಾಯಿಗಳು ಸುಮಾರು 2.79 ಲಕ್ಷ. 2019ರಲ್ಲಿ 3.10 ಲಕ್ಷ ಇದ್ದವು. ಇವುಗಳಲ್ಲಿ ಎಷ್ಟೋ ಯಾವುದೋ ಶಟರ್ ಮುಂದೆಯೇ ಮಲಗುತ್ತವೆ. ಮೈಯೆಲ್ಲಾ ಬೋಳಾದ ನಾಯಿ ಅಂಗಡಿ ಮುಂದೆ ಇದ್ದರೆ ಗಿರಾಕಿ ಮುಖ ತಿರುಗಿಸುತ್ತಾರೆ ಅನ್ನುವುದು ನಿಜ. ಹಾಗಂತ ಹೊಡೆದು ಓಡಿಸಿದರೆ, ಆಟೋದಲ್ಲಿ ಹಾಕಿ ಬೇರೆ ಏರಿಯಾಕ್ಕೆ ಬಿಟ್ಟರೆ, ಕಜ್ಜಿ ಆ ಬೀದಿಗೂ ಹೋಗುತ್ತದೆ, ನಿಮ್ಮ ಬೀದಿಯ ಉಳಿದ ನಾಯಿಗಳಲ್ಲೂ ಉಳಿಯುತ್ತದೆ. ನೋಡಲು ಎಷ್ಟೇ ಭೀಕರವಾಗಿದ್ದರೂ ಕಜ್ಜಿ ವಾಸಿಯಾಗುವ ಕಾಯಿಲೆ. ಸರಿಯಾದ ಔಷಧಿ ಬಿದ್ದರೆ ಒಂದೆರಡು ತಿಂಗಳಲ್ಲಿ ಅದೇ ನಾಯಿಗೆ ಮತ್ತೆ ಕೂದಲು ಬರುತ್ತದೆ.

ನಾಲ್ಕು ಅಂಗಡಿಯವರು ಸೇರಿದರೆ ಖರ್ಚು ಹೊರೆಯಲ್ಲ. ನಾಯಿಯ ಫೋಟೋ, ವಿಡಿಯೋ ತೆಗೆದು ಡಾಕ್ಟರಿಗೆ ತೋರಿಸಿ, ಅಂದಾಜು ತೂಕ ಹೇಳಿ. ಅವರು ಮಾತ್ರೆ ಬರೆದುಕೊಟ್ಟರೆ ಬೇಯಿಸಿದ ಮೊಟ್ಟೆಯಲ್ಲೋ ಚಿಕನ್ ತುಂಡಿನಲ್ಲೋ ಇಟ್ಟು ಕೊಡಬಹುದು, ಹಿಡಿಯುವ ಕಷ್ಟವೇ ಇಲ್ಲ. ಅದೇ ಗುಂಪಿನ ಉಳಿದ ನಾಯಿಗಳಿಗೂ ಕೊಡಿಸಿ. ಅದು ಮಲಗುವ ಹಳೇ ಗೋಣಿಚೀಲ ಬಿಸಾಕಿ, ಜಾಗ ಒಣಗಿರಲಿ. ಪರಿಚಯವಿಲ್ಲದ ನಾಯಿಯನ್ನು ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಅವತ್ತೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.

ಡಾಕ್ಟರ್ ಹತ್ತಿರ ಹೋಗುವಾಗ

ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

• ಕೆರೆತ ಯಾವಾಗ ಶುರುವಾಯಿತು, ಮೊದಲು ಯಾವ ಜಾಗದಲ್ಲಿ
• ಮೊದಲು ಕೆರೆತವೋ, ಮೊದಲು ಕೂದಲು ಉದುರಿದ್ದೋ
• ಮನೆಯಲ್ಲಿ ಬೇರೆ ಪ್ರಾಣಿಗೆ, ಮನುಷ್ಯರಿಗೆ ಕೆರೆತ ಇದೆಯಾ
• ಏನು ಊಟ, ಏನು ತಿಂಡಿ
• ಇದುವರೆಗೆ ಹಚ್ಚಿದ, ಕೊಟ್ಟ ಔಷಧಿಗಳ ಹೆಸರು (ಖಾಲಿ ಟ್ಯೂಬ್, ಸ್ಟ್ರಿಪ್ ಇದ್ದರೆ ಅದನ್ನೇ ತೆಗೆದುಕೊಂಡು ಹೋಗಿ)

ಹೋಗುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಚರ್ಮದ ಗುರುತುಗಳು ತೊಳೆದುಹೋಗುತ್ತವೆ. ಔಷಧಿ ಶುರುವಾದ ದಿನವೇ ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೆರೆತ ನಿಂತಿತು ಅಂತ ಮಧ್ಯದಲ್ಲಿ ಔಷಧಿ ನಿಲ್ಲಿಸಬೇಡಿ. ನುಸಿಯ ಮೊಟ್ಟೆಗಳು ಆಗಿನ್ನೂ ಚರ್ಮದೊಳಗೇ ಇರಬಹುದು.